ಮಿಳ್ಳೆ ಹಿಡಿದ ಕೈ

ಸರ್ವಮಂಗಳಮ್ಮನವರ ಬಲಗೈ ಅವರ ಮಾತು ಕೇಳುತ್ತಿರಲಿಲ್ಲ. ಕಾಯಿಲೆಯ ಸಂಗತಿಯಲ್ಲ ಇದು. ಐವತ್ತೆಂಟು ದಾಟಿದ ಆ ಕೈ ಇಂದಿಗೂ ಹತ್ತು ಜನಕ್ಕಾಗುವ ಮುದ್ದೆಯನ್ನು ಒಂದೇ ಉಸಿರಿನಲ್ಲಿ ತಿರುವುತ್ತದೆ, ಎಮ್ಮೆಯ ಹಗ್ಗವನ್ನು ಗೂಟಕ್ಕೆ ಬಿಗಿಯುತ್ತದೆ, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತದೆ. ಆದರೆ ಒಲೆಯ ಮೇಲಿನ ಪಾತ್ರೆ ಇಳಿಯುವ ಹೊತ್ತಾಯಿತೆಂದರೆ ಸಾಕು, ಆ ಕೈ ಯಾರ ಅಪ್ಪಣೆಗೂ ಕಾಯದೆ ಗೋಡೆಯ ಗೂಡಿನತ್ತ ಹೊರಟು, ಅಲ್ಲಿದ್ದ ತುಪ್ಪದ ಜಾಡಿಗೆ ಉದ್ದ ಹಿಡಿಯ ಹಿತ್ತಾಳೆ ಮಿಳ್ಳೆಯನ್ನು ಅದ್ದಿ, ತುಂಬಿದ ಮಿಳ್ಳೆಯನ್ನು ಪಾತ್ರೆಯ ಮೇಲೆ ಒಂದು ಸುತ್ತು ಆಡಿಸಿ ಬರಿದುಮಾಡಿ, ಮತ್ತೆ ಗೂಡಿಗೆ ಮರಳಿಸಿಬಿಡುತ್ತಿತ್ತು. ಅಷ್ಟೂ ಹೊತ್ತು ಅವರು ನಿಮ್ಮ ಮುಖವನ್ನೇ ನೋಡುತ್ತ, ನಾಲೆಯ ಏರಿಯ ಮೇಲೆ ಯಾರ ಸ್ಕೂಟರು ಜಾರಿತು ಎಂಬುದನ್ನು ಹೇಳುತ್ತಲೇ ಇರುತ್ತಿದ್ದರು. ತುಪ್ಪ ಹಾಕಿದಿರಾ ಎಂದು ಕೇಳಿದರೆ, ಅವರೂ ನಮ್ಮಂತೆಯೇ ಪಾತ್ರೆಯೊಳಕ್ಕೆ ಇಣುಕಿ ನೋಡಿ ಉತ್ತರ ಹೇಳಬೇಕಾಗಿತ್ತು.

ಕಟ್ಟೆಮಳಲವಾಡಿಯಲ್ಲಿ ಅವರ ಮನೆಗೂ ನಾನಿರುವ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲಿಗೆ ಬಂದರೆ ಅದೂ ಇಲ್ಲ. ಮಕ್ಕಳಿಗೆ ಕನ್ನಡ ಹೇಳಿಕೊಡಲು ಈ ಊರಿಗೆ ಬಂದ ನನ್ನನ್ನು ಅವರು ಮೊದಲ ದಿನವೇ ಟೀಚರಮ್ಮ ಎಂದು ಕರೆದರು, ನನಗೊಂದು ಹೆಸರಿದೆಯೆಂಬುದನ್ನು ಆರು ತಿಂಗಳ ಮೇಲೆ ಅಂಚೆಯಲ್ಲಿ ಬಂದ ಲಕೋಟೆಯಿಂದ ತಿಳಿದುಕೊಂಡರು. ಕಾರ್ತಿಕದಿಂದ ಶಿವರಾತ್ರಿಯವರೆಗೆ ಸೀರೆಯ ಮೇಲೆ ಗಂಡನ ಹಳೆಯ ಕಂದು ಸ್ವೆಟರು ತೊಡುತ್ತಾರೆ. ಅದರ ಎಡತೋಳು ಬೆರಳಿನವರೆಗೆ ಇಳಿದಿರುತ್ತದೆ, ಬಲತೋಳು ಮೊಣಕೈಗೆ ಮಡಚಿರುತ್ತದೆ. ನಡೆಯುವಾಗ ಬಲಭುಜ ಒಂದಿಷ್ಟು ಮುಂದಿರುತ್ತದೆ, ಚೆಲ್ಲಬಾರದ ಯಾವುದನ್ನೋ ಹಿಡಿದು ಹೊರಟವರ ಹಾಗೆ. ಎಷ್ಟು ದೊಡ್ಡ ಸುದ್ದಿಯನ್ನಾದರೂ ಅವರು "ಏನಿಲ್ಲ" ಎಂದು ಆರಂಭಿಸಿ "ಅಷ್ಟೇಯ" ಎಂದು ಮುಗಿಸುತ್ತಾರೆ. ಏನಿಲ್ಲ, ನಮ್ ಎಮ್ಮೆ ಬಾವಿಗೆ ಬಿದ್ದಿತ್ತು, ಎತ್ತುದ್ವಿ, ಅಷ್ಟೇಯ.

ಊರಿನಲ್ಲಿ ಆ ಕೈಯ ಕತೆಗಳಿಗೆ ಕೊರತೆಯಿರಲಿಲ್ಲ. ಎಮ್ಮೆ ನೋಡಲು ಬಂದ ದನದ ಡಾಕ್ಟರಿಗೆ ಕಪ್ಪು ಕಾಫಿ ಕೊಡುವಾಗ ಲೋಟದ ಮೇಲೆ ಮಿಳ್ಳೆ ಆಡಿತ್ತಂತೆ. ಆ ಮನುಷ್ಯ ಸಂಕೋಚಪಟ್ಟು ಕುಡಿದು, ಮುಂದೆ ಬಂದಾಗಲೆಲ್ಲ ಕಾಫಿ ಬೇಡ ನೀರು ಕೊಡಿ ಎನ್ನುತ್ತಿದ್ದನಂತೆ. ಅವರ ಯಜಮಾನರಾದ ಬೆಟ್ಟಸ್ವಾಮಿಯವರಿಗೆ ಕೊಬ್ಬು ಹೆಚ್ಚಿದೆಯೆಂದು ತುಪ್ಪ ಬಿಡಿಸಿದಾಗ, ಮೂರು ತಿಂಗಳು ಒಣ ಮುದ್ದೆ ತಿಂದೆನೆಂದು ಅವರೂ ನಂಬಿದ್ದರು, ಇಕ್ಕಿದೆನೆಂದು ಇವರೂ ನಂಬಿದ್ದರು. ರಕ್ತ ಪರೀಕ್ಷೆಯ ಕಾಗದ ಮಾತ್ರ ನಂಬಲಿಲ್ಲ. ಬೆಟ್ಟಸ್ವಾಮಿಯವರು ಇದನ್ನು ಜಗಲಿಯ ಮೇಲೆ ಕೂತು ಹತ್ತು ಸಲವಾದರೂ ನನಗೆ ಹೇಳಿದ್ದಾರೆ. ಹೇಳಿದಾಗಲೆಲ್ಲ ಸರ್ವಮಂಗಳಮ್ಮ ಒಳಗಿನಿಂದ, ಸಾಯ್ಲಿಲ್ಲವಲ್ಲ ಎಂದು ಒಂದು ಮಾತು ಎಸೆಯುತ್ತಿದ್ದರು.

ನಗುವುದಕ್ಕೆ ಒದಗುತ್ತಿದ್ದ ಈ ಕೈ ಒಂದು ಚಳಿಗಾಲವಿಡೀ ಆ ಮನೆಯನ್ನು ನಡುಗಿಸಿತು. ಈಗ ಎಲ್ಲ ಸರಿಹೋಗಿದೆಯಾದ್ದರಿಂದ ನೆಮ್ಮದಿಯಾಗಿ ಬರೆಯಬಲ್ಲೆ.

ಅವರ ಮಗ ರೇಣುಕಾಪ್ರಸಾದ್ ಹುಣಸೂರಿನಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಹೋದ ಕಾರ್ತಿಕದಲ್ಲಿ ಅವನಿಗೆ ಪಿರಿಯಾಪಟ್ಟಣದ ನಂದಿತಾಳ ಜೊತೆ ಮದುವೆಯಾಯಿತು. ಹುಡುಗಿ ಹುಣಸೂರಿನದೇ ಒಂದು ಸಹಕಾರ ಸಂಘದಲ್ಲಿ ಕೆಲಸಕ್ಕಿದ್ದಳು. ಕಡಿಮೆ ಮಾತು, ಚುರುಕು ನಡಿಗೆ, ನಗುವಾಗ ಬಾಯಿಗೆ ಸೆರಗೋ ದುಪಟ್ಟಾವೋ ಅಡ್ಡ ಹಿಡಿಯುವ ಅಭ್ಯಾಸ. ಮಾತುಕತೆಯ ದಿನವೇ ಅವಳ ತಾಯಿ ಶಾಂತಲಾ ಮುಚ್ಚುಮರೆಯಿಲ್ಲದೆ ಹೇಳಿದ್ದರು, ಮಗಳಿಗೆ ಹಾಲಿನದು ಯಾವುದೂ ಆಗುವುದಿಲ್ಲ, ಹುಟ್ಟಿದಾಗಿನಿಂದಲೂ ಹಾಗೆಯೇ, ತಿಂದರೆ ಮೈ ದದ್ದು ಬಂದು ತುಟಿ ಊದುತ್ತದೆ ಎಂದು. ಸರ್ವಮಂಗಳಮ್ಮ ಅದನ್ನು ಶ್ರದ್ಧೆಯಿಂದ ಕೇಳಿಸಿಕೊಂಡಿದ್ದರು. ಸೊಸೆ ಮನೆ ತುಂಬಿದ ದಿನದಿಂದ ಅವಳ ತಟ್ಟೆಯ ಹತ್ತಿರ ಮೊಸರು ಸುಳಿಯಲಿಲ್ಲ, ಮಜ್ಜಿಗೆ ಸುಳಿಯಲಿಲ್ಲ, ಅವಳ ಕಾಫಿ ಬೆಲ್ಲದ ಕಪ್ಪು ಕಾಫಿಯೇ. ಮೊದಲ ವಾರ ಅಡುಗೆಯೆಲ್ಲ ಮದುವೆಗೆ ಬಂದು ಉಳಿದಿದ್ದ ನೆಂಟರ ಕೈಯಲ್ಲಿತ್ತು. ಎಂಟನೆಯ ದಿನ ಇವರೇ ಒಲೆಯ ಮುಂದೆ ನಿಂತು ಒಬ್ಬಟ್ಟು ಮಾಡಿದರು. ಬಿಸಿ ಒಬ್ಬಟ್ಟಿನ ಮೇಲೆ ಕೈ ತನ್ನ ಪಾಡಿಗೆ ಮಿಳ್ಳೆ ಆಡಿಸಿತು. ಆಡಿಸಿದ್ದನ್ನು ಅವರು ನೋಡಿದರೂ ತಪ್ಪೆಂದು ತೋರಲಿಲ್ಲ. ನಂದಿತಾ ಮಾತಾಡುತ್ತ ಒಂದು ತುತ್ತು ಬಾಯಿಗಿಟ್ಟಾಗಿತ್ತು. ಹತ್ತು ನಿಮಿಷದಲ್ಲಿ ತುಟಿ ದಪ್ಪಗಾಗಿ, ಗಂಟಲು ಕಟ್ಟಿಕೊಂಡು, ರೇಣುಕಾಪ್ರಸಾದ್ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹುಣಸೂರಿಗೆ ಓಡಿದ. ಸೂಜಿ ಹಾಕಿ ಸರಿಮಾಡಿದ ಡಾಕ್ಟರು, ಈ ಸಲ ಬಚಾವಾದಳು, ಮುಂದಿನ ಸಲ ಉಸಿರಿಗೇ ತೊಂದರೆಯಾಗಬಹುದು ಎಂದು ಹೇಳಿ, ಕೈಗೆ ಮಾತ್ರೆ ಕೊಟ್ಟು ಕಳಿಸಿದ್ದರು.

ನಾನು ಹೋಗಿ ನೋಡಿದಾಗ ಸರ್ವಮಂಗಳಮ್ಮ ಅಡುಗೆಮನೆಯ ಹೊಸಿಲ ಮೇಲೆ ಕೂತಿದ್ದರು.

"ಹಾಲು ಆಗಲ್ಲ ಅಂದ್ರು, ಕೊಡ್ಲಿಲ್ಲ. ಮೊಸರು ಆಗಲ್ಲ ಅಂದ್ರು, ಕೊಡ್ಲಿಲ್ಲ. ತುಪ್ಪಾನೂ ಹಾಲೇ ಅಂತ ನಂಗ್ಯಾಕೆ ಒಳೀಲಿಲ್ಲ ಟೀಚರಮ್ಮ? ಬೆಂಕಿ ಮೇಲೆ ಕಾಯ್ಸಿ ಕಾಯ್ಸಿ ಅದ್ರಲ್ಲಿ ಹಾಲು ಅನ್ನೋದು ಇನ್ನೇನುಳಿದಿರ್ತದೆ ಅನ್ಕಂಡಿದ್ದೆ. ಅಷ್ಟೇಯ."

ಮರುದಿನವೇ ಆ ಅಡುಗೆಮನೆಯ ರಾಜ್ಯಾಂಗ ಬದಲಾಯಿತು. ತುಪ್ಪದ ಜಾಡಿ, ಮಿಳ್ಳೆಯ ಸಮೇತ, ಹಿತ್ತಲು ದಾಟಿ ನನ್ನ ಮನೆಯ ಕಪಾಟಿಗೆ ಬಂತು. ಹೊಸ ಪಾತ್ರೆ, ಹೊಸ ಸೌಟು, ಹೊಸ ಬಾಣಲೆ ಬಂದವು. ಅವುಗಳ ಹಿಡಿಗೆ ಕೆಂಪು ನೂಲು ಬಿಗಿದಾಯಿತು. ಅಡುಗೆಗೆ ನಿಲ್ಲುವ ಮೊದಲು ಸೀಗೆಪುಡಿಯಲ್ಲಿ ಮೊಣಕೈವರೆಗೆ ತೊಳೆದುಕೊಳ್ಳುವ ಪದ್ಧತಿ ಬಂತು. ಎಮ್ಮೆಯ ಕರಾವು, ಮಜ್ಜಿಗೆ ಕಡೆಯುವುದು ಎಲ್ಲ ನಡುಮನೆಯ ಆಚೆಯ ಪಡಸಾಲೆಗೆ ಸರಿದವು. ಮತ್ತು, ಎಲ್ಲಕ್ಕಿಂತ ಮುಖ್ಯವಾಗಿ, ಬೆಳಗ್ಗೆ ಎಂಟೂಕಾಲಿನ ಬಸ್ಸಿಗೆ ಹೊರಡುವ ಸೊಸೆಯ ಸಲುವಾಗಿ ಸರ್ವಮಂಗಳಮ್ಮ ಒಂದು ಕಾಳುಸಾರನ್ನು ತಮ್ಮದೇ ಆಗಿ ಕಟ್ಟಿಕೊಂಡರು.

ಆ ಸಾರನ್ನು ಅವರು ಮಾಡುವುದನ್ನು ನೋಡಬೇಕು. ಹೊತ್ತಾರೆ ಏಳೂಕಾಲಿಗೆ ಆರಂಭ. ಏಳು ಐವತ್ತಕ್ಕೆ ನಂದಿತಾಳ ಡಬ್ಬಿ ಮುಚ್ಚಿರಬೇಕು. ಸೊಗಡಿನ ಅವರೆಯ ಕಾಲವಾದ್ದರಿಂದ ಹಸಿ ಕಾಳನ್ನು ಹಿಂದಿನ ಸಂಜೆಯೇ ಬಿಡಿಸಿಟ್ಟಿರುತ್ತಿದ್ದರು; ಅದಿಲ್ಲದ ದಿನ ನೆನೆಸಿದ ಅಲಸಂದೆ. ಕಾಳು ಕುಕ್ಕರಿನಲ್ಲಿ ಎರಡು ಕೂಗು ಹಾಕುವಷ್ಟರಲ್ಲಿ ಬದನೆಕಾಯಿ, ಆಲೂಗೆಡ್ಡೆ, ಒಂದು ಹಿಡಿ ಹುರುಳಿಕಾಯಿ ಹೋಳಾಗುತ್ತಿದ್ದವು. ಬದನೆಯ ಹೋಳು ಕಪ್ಪಾಗದಂತೆ ನೀರಿಗೆ ಬೀಳುತ್ತಿತ್ತು. ಹುಚ್ಚೆಳ್ಳೆಣ್ಣೆ ಕಾದು ಸಾಸಿವೆ ಸಿಡಿದ ಮೇಲೆ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಟೊಮೆಟೊ. ಅದು ಮೆತ್ತಗಾದ ಮೇಲೆ ತರಕಾರಿ, ಆಮೇಲೆ ಬೆಂದ ಕಾಳು ಕಟ್ಟಿನ ಸಮೇತ. ಕಾಯಿತುರಿ, ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿ ಪಾತ್ರೆಗೆ ಇಳಿಯುತ್ತಿದ್ದವು. ಉಕ್ಕಿ ಬರುವಾಗ ಆ ಕೈ ಗೂಡಿನತ್ತ ಹೊರಡುತ್ತಿತ್ತು. ಗೂಡು ಬರಿದಾಗಿತ್ತು. ಕೈ ಒಂದು ಗಳಿಗೆ ಅಲ್ಲೇ ತಡವರಿಸಿ ವಾಪಸಾಗುತ್ತಿತ್ತು. ಕೆಲವು ದಿನವಾದ ಮೇಲೆ ಅದೇ ಗೂಡಿನಲ್ಲಿ ಅವರು ಹುರಿದು ಕುಟ್ಟಿದ ಹುಚ್ಚೆಳ್ಳು ಪುಡಿಯ ಡಬ್ಬಿ ತಂದಿಟ್ಟರು. ಕೈ ಹೋಗುತ್ತಿತ್ತು, ಒಂದು ಚಮಚ ಪುಡಿ ತರುತ್ತಿತ್ತು, ಉದುರಿಸುತ್ತಿತ್ತು. ಸಾರಿಗೆ ಹದವಾದ ಜಿಡ್ಡು, ಘಮ ಎರಡೂ ಬಂದವು. ಹಳ್ಳಿಯ ಹೆಂಗಸೊಬ್ಬಳು ನಾಲ್ಕು ದಶಕದ ಅಭ್ಯಾಸವನ್ನು ಗೆಲ್ಲುವುದಕ್ಕೆ ಹೋರಾಡದೆ, ಅದಕ್ಕೆ ಬೇರೆ ದಾರಿ ತೋರಿಸಿ ಕಳಿಸಿದ ಆ ಉಪಾಯ ನನಗೆ ಈಗಲೂ ದೊಡ್ಡದೆನಿಸುತ್ತದೆ.

ನಂದಿತಾ ಡಬ್ಬಿಯನ್ನು ಖಾಲಿಮಾಡಿ ತರುತ್ತಿದ್ದಳು. ಸಂಘದವರೆಲ್ಲ ಅದಕ್ಕೆ ಕೈಯಿಕ್ಕುತ್ತಾರೆಂದು ಹೇಳಿದಳು. ಭಾನುವಾರಗಳನ್ನು ತವರಿನಲ್ಲಿ ಕಳೆದು ಬರುತ್ತಿದ್ದಳು. ಮಾರ್ಗಶಿರ ಹೀಗೆ ಸುಖವಾಗಿ ಕಳೆಯಿತು ಎನ್ನುವಷ್ಟರಲ್ಲಿ, ಇಲ್ಲೇ ಉಳಿದ ಒಂದು ಭಾನುವಾರ ಊಟದ ನಡುವೆ ಅವಳ ಮೇಲ್ದುಟಿ ಊದಿಕೊಂಡಿತು.

ಮಾತ್ರೆ ನುಂಗಿ ಮಲಗಿದಳು, ಸಂಜೆಗೆ ಇಳಿಯಿತು. ಏನೋ ಆಗಿರಬೇಕು ಎಂದುಕೊಂಡರು. ಸೋಮವಾರದಿಂದ ಶನಿವಾರದವರೆಗೆ ಅದೇ ಸಾರು, ಏನೂ ಆಗಲಿಲ್ಲ. ಮುಂದಿನ ಭಾನುವಾರ ಮತ್ತೆ ತುಟಿ ಊದಿತು, ಕುತ್ತಿಗೆಯ ಮೇಲೆ ದದ್ದೆದ್ದಿತು. ಸಂಕ್ರಾಂತಿಯ ರಜೆಯ ದಿನವೂ ಹಾಗೆಯೇ ಆಯಿತು. ಕೆಲಸದ ದಿನಗಳ ಅವಸರದ ಅಡುಗೆ ಒಗ್ಗುತ್ತಿತ್ತು. ಅತ್ತೆ ನಿಧಾನವಾಗಿ, ಮನಸ್ಸಿಟ್ಟು ಮಾಡಿದ ದಿನವೇ ಸೊಸೆಯ ಮೈ ಕೆಡುತ್ತಿತ್ತು. ನೋಡುವವರಿಗೆ ಇದು ಹೇಗೆ ಕಾಣಬಹುದೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಸರ್ವಮಂಗಳಮ್ಮ ಮಾತ್ರ ಬೇರೆಯವರನ್ನು ಕಾಯಿಸಲಿಲ್ಲ, ತಾವೇ ತಮ್ಮ ಮೇಲೆ ಗುಮಾನಿ ಪಟ್ಟರು. ಮಾತಿನ ಗುಂಗಿನಲ್ಲಿ ಈ ಕೈ ಎಲ್ಲಿಂದಲೋ ಬೆಣ್ಣೆಯನ್ನೋ ಕೆನೆಯನ್ನೋ ತಂದು ಹಾಕುತ್ತಿದೆ, ತಮಗೇ ಗೊತ್ತಾಗುತ್ತಿಲ್ಲ ಎಂದು ಅವರಿಗೆ ಖಾತರಿಯಾಗಿಬಿಟ್ಟಿತ್ತು. ಒಂದು ಭಾನುವಾರ ಬೆಳಗ್ಗೆ ನನ್ನನ್ನು ಕರೆದೊಯ್ದು ಅಡುಗೆಮನೆಯ ಮೂಲೆಯಲ್ಲಿ ಮಣೆ ಹಾಕಿ ಕೂರಿಸಿದರು.

"ನೀವೇನೂ ಮಾತಾಡ್ಬೇಡಿ. ನಾನೂ ಮಾತಾಡಲ್ಲ. ನನ್ ಕೈ ನೋಡ್ತಾ ಇರಿ. ಅದು ಎಲ್ಲಿಗೋಯ್ತದೆ ಅಂತ ನನಗೆ ಹೇಳಿ, ಅಷ್ಟೇಯ."

ನಾನು ನೋಡಿದೆ. ಪರೀಕ್ಷೆಯ ಕೊಠಡಿಯಲ್ಲಿ ಮಕ್ಕಳನ್ನು ಕಾದದ್ದಕ್ಕಿಂತ ಹೆಚ್ಚು ಎಚ್ಚರದಿಂದ ಆ ಕೈಯನ್ನು ಕಾದೆ. ಅದು ಹೆಚ್ಚಿತು, ಹುರಿಯಿತು, ತಿರುವಿತು, ಕಡೆಯಿತು, ಹುಚ್ಚೆಳ್ಳು ಪುಡಿ ಉದುರಿಸಿತು. ಹಾಲಿನದೆಂಬ ವಸ್ತು ಆ ಕೋಣೆಯಲ್ಲೇ ಇರಲಿಲ್ಲ. ಏನೂ ಹಾಕಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಿದೆ. ಮಧ್ಯಾಹ್ನ ನಂದಿತಾಳ ತುಟಿ ಊದಿತು. ಆಗ ಸರ್ವಮಂಗಳಮ್ಮ ನನ್ನತ್ತ ನೋಡಿದ ನೋಟದಲ್ಲಿ ನನ್ನ ಮೇಲೆ ದೂರಿರಲಿಲ್ಲ, ಕನಿಕರವಿತ್ತು. ಪಾಪ, ಟೀಚರಮ್ಮನ ಕಣ್ಣನ್ನೂ ಈ ಕೈ ತಪ್ಪಿಸಿತಲ್ಲ ಎಂಬಂತೆ. ನಾಚಿಕೆಯಿಂದ ಹೇಳಬೇಕು, ನಾನೂ ಅಂದು ನನ್ನ ಕಣ್ಣನ್ನು ಪೂರ್ತಿ ನಂಬದಾದೆ.

ಆ ವಾರದಲ್ಲಿ ಶಾಂತಲಾ ಪಿರಿಯಾಪಟ್ಟಣದಿಂದ ಬಂದರು. ಒಳ್ಳೆಯ ಹೆಂಗಸು, ಮಗಳ ಉಸಿರಿನ ಭಯ ಅವರ ಮಾತಿಗೆ ಮೊನೆ ಕೊಟ್ಟಿತ್ತು. ಕಾಫಿ ಕುಡಿದು ಲೋಟ ಕೆಳಗಿಟ್ಟು, ನಿಮ್ಮ ಕೈ ಅಭ್ಯಾಸ ಸುತ್ತೂರಿಗೆಲ್ಲ ಗೊತ್ತಿರುವಂಥದು, ಬೇಕೆಂದೇ ಹಾಕುತ್ತೀರಿ ಅಂತ ನಾನು ಅನ್ನುವುದಿಲ್ಲ ಎಂದರು. ಬೆಟ್ಟಸ್ವಾಮಿಯವರು ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದರು, ಅದರ ಮುಂದೆ ಹುಲ್ಲು ರಾಶಿಯಾಗಿದ್ದರೂ.

"ನೀವು ಅನ್ನದಿದ್ರೂ ನಾನೇ ಅಂತೀನಿ ಕಣ್ರೀ," ಎಂದರು ಸರ್ವಮಂಗಳಮ್ಮ. "ಈ ಕೈ ನನ್ದಲ್ಲ. ನಾಳೆಯಿಂದ ಒಲೆ ಮುಂದಕ್ಕೆ ಓಗಲ್ಲ ಬುಡಿ."

ಮಾತಿನಂತೆ ನಡೆದರು. ಅಡುಗೆ ನಂದಿತಾಳ ಪಾಲಿಗೆ ಬಂತು. ಅವಳು ಅತ್ತೆಯನ್ನು ನೋಡಿ ಕಲಿತಂತೆ ಅದೇ ಕಾಳು, ಅದೇ ತರಕಾರಿ, ಅದೇ ಮಸಾಲೆ ಹಾಕಿ ಮಾಡಿದಳು. ಮೂರು ವಾರ ಭಾನುವಾರಗಳೂ ಸೇರಿ ಒಂದು ದದ್ದು ಕೂಡ ಏಳಲಿಲ್ಲ. ಇದಕ್ಕಿಂತ ಸಾಕ್ಷಿ ಬೇಕೆ? ರೇಣುಕಾಪ್ರಸಾದ್ ಹುಣಸೂರಿನಲ್ಲಿ ಒಂದು ಮನೆ ನೋಡಿದ. ಶಿವರಾತ್ರಿ ಕಳೆದು ಅಲ್ಲಿಗೆ ಹೋಗುವುದೆಂದಾಯಿತು. ಜಗಳವಿಲ್ಲ, ಏರುಮಾತಿಲ್ಲ, ಎಲ್ಲರೂ ಒಬ್ಬರನ್ನೊಬ್ಬರು ನೋಯಿಸದಂತೆ ಅಷ್ಟು ಜಾಗರೂಕತೆಯಿಂದ ಆ ಮನೆ ಎರಡಾಗುತ್ತಿತ್ತು. ಸರ್ವಮಂಗಳಮ್ಮ ದಿನವಿಡೀ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿರುತ್ತಿದ್ದರು. ಸ್ವೆಟರಿನ ಬಲತೋಳು ಮೊದಲ ಬಾರಿಗೆ ಬೆರಳಿನವರೆಗೆ ಇಳಿದಿತ್ತು. ನಾನು ಏನಾದರೂ ಕೇಳಿದರೆ "ಏನಿಲ್ಲ" ಎನ್ನುತ್ತಿದ್ದರು. ಅದರ ಮುಂದೆ ಸುದ್ದಿಯೂ ಬರುತ್ತಿರಲಿಲ್ಲ, "ಅಷ್ಟೇಯ" ಕೂಡ ಬರುತ್ತಿರಲಿಲ್ಲ. ಕಡೆಗೆ, ಸೊಸೆ ಪಾತ್ರೆಪಡಗ ಕಟ್ಟುವುದನ್ನು ನೋಡಲಾರೆನೆಂದು, ಕೆ.ಆರ್. ನಗರದ ಕಡೆ ಹೊಸ ಅಗ್ರಹಾರದಲ್ಲಿದ್ದ ತಂಗಿ ಸುಂದ್ರಮ್ಮನ ಮನೆಗೆ ಹೊರಟುಬಿಟ್ಟರು.

ಅವರು ಹೋದ ಮಾರನೆಯ ದಿನ ಭಾನುವಾರ. ಹಿಂದಿನ ದಿನದ ಊಟದಲ್ಲಿ ಬೆಟ್ಟಸ್ವಾಮಿಯವರು ಸೊಸೆಯ ಸಾರನ್ನು ಹೊಗಳಿದ್ದರಂತೆ. ಅವರ ಹೊಗಳಿಕೆ ಹೇಗಿರುತ್ತದೆಂದರೆ, "ಚೆಂದಾಗೈತೆ ಕಣವ್ವ, ಕಾಳೆಲ್ಲ ಒಳ್ಳೆ ಈಜು ಕಲ್ತವೆ." ನಂದಿತಾ ಸೆರಗು ಅಡ್ಡ ಹಿಡಿದು ನಕ್ಕಳಂತೆ. ಆದರೆ ಮಾತು ನಿಜ. ಅವಳ ಸಾರಿನಲ್ಲಿ ನೀರು ಒಂದು ಕಡೆ, ಕಾಳು ಒಂದು ಕಡೆ. ಅತ್ತೆ ಬಿಡುವಾಗಿ ಮಾಡಿದ ದಿನ ಅದು ಮಂದವಾಗಿ, ಒಂದೇ ಮೈಯಾಗಿ ಮುದ್ದೆಗೆ ಅಂಟುತ್ತಿದ್ದುದು ಅವಳಿಗೆ ನೆನಪಿತ್ತು. ತುಟಿ ಊದಿಸಿದ ಸಾರಾದರೂ ಅದರ ರುಚಿ ಅವಳ ಮನಸ್ಸಿನಿಂದ ಹೋಗಿರಲಿಲ್ಲ. ಅತ್ತೆ ಹೇಗೆ ಮಾಡುತ್ತಿದ್ದರೆಂದು ನೆನಪಿಸಿಕೊಂಡಳು. ಪಡಸಾಲೆಯ ಕಂಬದ ಮೊಳೆಗೆ ತೂಗುತ್ತಿದ್ದ ಕಡಗೋಲನ್ನು ತಂದು, ತೊಳೆದು, ಕುದಿಯುವ ಸಾರಿನೊಳಗೆ ಇಳಿಸಿ, ಎರಡು ಅಂಗೈ ನಡುವೆ ಹಿಡಿದು ನಾಲ್ಕು ಸುತ್ತು ಕಡೆದಳು. ಕಾಳು ಅರೆಬರೆ ಮಸೆದು ಸಾರು ಮಂದವಾಯಿತು. ಮಾವನಿಗೆ ಬಡಿಸಿ ತಾನೂ ಕೂತಳು.

ಅರ್ಧ ಗಂಟೆಯ ಮೇಲೆ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಅವಳು ಕಡಗೋಲು ಹಿಡಿದುಕೊಂಡೇ ಬಂದಳು. ಮೇಲ್ದುಟಿ ಊದಿ ಮೂಗಿಗೆ ತಾಗುವಂತಿತ್ತು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಮಾತ್ರ ಹಬ್ಬದ ಕಳೆ. ನಾನು ಗಾಬರಿಯಾಗಿ ಮಾತ್ರೆ ಎಂದೆ. ನುಂಗಿದ್ದೇನೆಂದು ಕೈ ಆಡಿಸಿದಳು.

"ಟೀಚರಮ್ಮ, ಅತ್ತೆ ಊರಲ್ಲಿಲ್ಲ. ತುಪ್ಪದ ಜಾಡಿ ನಿಮ್ಮನೇಲಿದೆ. ಅಡುಗೆ ಮಾಡಿದ್ದು ನಾನು."

ಮೂರೂ ಮಾತನ್ನು ಒಂದೊಂದಾಗಿ, ಪಾಠ ಒಪ್ಪಿಸುವ ಮಕ್ಕಳ ಹಾಗೆ ಹೇಳಿ ಕಡಗೋಲನ್ನು ನನ್ನ ಮುಂದೆ ಚಾಚಿದಳು. ನಾನು ನೀರು ಕುದಿಸಿ ಬೋಗುಣಿಗೆ ಸುರಿದೆ. ಅದರಲ್ಲಿ ಅವಳು ಕಡಗೋಲನ್ನು ನಿಲ್ಲಿಸಿದಳು. ಸರ್ವಮಂಗಳಮ್ಮನ ಮದುವೆಯಲ್ಲಿ ಅವರ ತಂದೆ, ಕಾಕನಕೋಟೆಯ ಕಡೆಯವರು, ಮರವನ್ನು ಕೈಯಾರೆ ಕೆತ್ತಿ ಕೊಟ್ಟ ಕಡಗೋಲು ಅದು. ಮೂವತ್ತೆಂಟು ವರ್ಷ ದಿನಾ ಮಜ್ಜಿಗೆ ಕಡೆದು, ಬೆಣ್ಣೆ ತೆಗೆದು, ಅದರ ತಲೆಯ ಸೀಳುಗಳು ಮೇಣ ತುಂಬಿದಂತೆ ನುಣುಪಾಗಿದ್ದವು. ನಾವಿಬ್ಬರೂ ಬಾಗಿ ನೋಡುತ್ತಿದ್ದಂತೆ ನೀರಿನ ಮೇಲೆ ಹಳದಿಯ ಒಂದು ಕಣ್ಣು ತೇಲಿಬಂತು. ಆಮೇಲೆ ಎರಡು, ಆಮೇಲೆ ನೀರಿನ ಮುಖವೆಲ್ಲ ಕಣ್ಣು.

ಈಗ ಎಲ್ಲವೂ ತಾನಾಗಿ ಬಿಡಿಸಿಕೊಂಡಿತು. ಹೊಸ ಪಾತ್ರೆ ತಂದರು, ಹೊಸ ಸೌಟು ತಂದರು, ಜಾಡಿಯನ್ನು ಗಡೀಪಾರು ಮಾಡಿದರು. ಕಡಗೋಲು ಯಾರ ಲೆಕ್ಕಕ್ಕೂ ಬರಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಮಜ್ಜಿಗೆ ಕಡೆಯುವುದೂ ಸೊಪ್ಪು ಮಸೆಯುವುದೂ ಸಾರು ಮಂದ ಮಾಡುವುದೂ ಅದೊಂದರಿಂದಲೇ. ಅದನ್ನು ಪಾತ್ರೆಯೆಂದು ಎಣಿಸುವವರೇ ಇಲ್ಲ. ಬಸ್ಸಿನ ಅವಸರದ ದಿನಗಳಲ್ಲಿ ಕಡೆಯಲು ಪುರುಸೊತ್ತು ಇರುತ್ತಿರಲಿಲ್ಲ, ಸೊಸೆ ಕ್ಷೇಮವಾಗಿರುತ್ತಿದ್ದಳು. ರಜೆಯ ದಿನ, ಚೆನ್ನಾಗಿ ಮಾಡಿ ಇಕ್ಕಬೇಕೆಂಬ ಆಸೆಯಲ್ಲಿ ನಾಲ್ಕು ಸುತ್ತು ಹೆಚ್ಚೇ ಕಡೆಯುತ್ತಿದ್ದರು. ಮಣೆಯ ಮೇಲೆ ಕೂತು ಕಾವಲು ಕಾದ ನಾನು ಆ ನಾಲ್ಕು ಸುತ್ತನ್ನೂ ಕಣ್ಣಾರೆ ಕಂಡಿದ್ದೆ. ಕೈಯನ್ನು ನೋಡುತ್ತಿದ್ದೆ, ಕೈಯಲ್ಲಿದ್ದುದನ್ನು ನೋಡಲಿಲ್ಲ.

ನಂದಿತಾ ಅಲ್ಲಿಂದಲೇ ಫೋನ್ ಮಾಡಿದಳು. ಊದಿದ ತುಟಿಯ ಮಾತು ತೊದಲುತ್ತಿತ್ತು. ಆ ತೊದಲು ಕೇಳಿದ್ದೇ ತಡ, ಆ ಕಡೆಯಿಂದ ಸರ್ವಮಂಗಳಮ್ಮನ ದನಿ ನನಗೂ ಕೇಳುವಷ್ಟು ಜೋರಾಗಿ ಬಂತು.

"ಮತ್ತೆ ಊದ್ತಾ? ಮಾತ್ರೆ ನುಂಗಿದ್ಯಾ ಮಗ? ಪ್ರಸಾದ ಎಲ್ಲೋಗವ್ನೆ?"

"ನುಂಗಿದೀನಿ ಅತ್ತೆ. ಅತ್ತೆ, ಕೇಳಿ ಇಲ್ಲಿ. ನಿಮ್ಮ ಕೈ ಅಲ್ಲ."

ಕಡಗೋಲಿನ ಕತೆಯನ್ನು ಅವಳು ತೊದಲುತ್ತಲೇ ಹೇಳಿ ಮುಗಿಸಿದಳು. ಆ ಕಡೆಯಿಂದ ಈಗ ಬೇರೊಂದು ದನಿ ಬಂತು, ಸುಂದ್ರಮ್ಮನದು. "ಏನಂದ್ಯವ್ವ ಇವಳ್ಗೆ? ಬಾಯ್ಗೆ ಸೆರಗು ತುರುಕ್ಕಂಡು ಅಳ್ತಾ ಕೂತವಳಲ್ಲ. ಯಾರಾದ್ರೂ ಓದ್ರಾ?" ಯಾರೂ ಹೋಗಿಲ್ಲ, ಎಲ್ಲರೂ ಇಲ್ಲೇ ಇರುತ್ತೇವೆ ಎಂದಳು ನಂದಿತಾ. ಹುಣಸೂರಿನ ಮನೆಯ ವಿಷಯದಲ್ಲಿ ಆಮೇಲೆ ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲ. ಆ ಒಂದು ಮಾತಿನಲ್ಲಿ ಅದು ಮುಗಿದಿತ್ತು. ಸಂಜೆ ರೇಣುಕಾಪ್ರಸಾದ್ ಆ ಮನೆಯವರಿಗೆ ಬರುವುದಿಲ್ಲವೆಂದು ತಿಳಿಸಿದ.

ಹೊಸ ಅಗ್ರಹಾರದಿಂದ ಕೆ.ಆರ್. ನಗರ, ಅಲ್ಲಿಂದ ಹುಣಸೂರು, ಹುಣಸೂರಿನಿಂದ ನಮ್ಮೂರು, ಹೀಗೆ ಮೂರು ಬಸ್ಸು ಬದಲಿಸಿ ಮರುದಿನ ಹತ್ತು ಗಂಟೆಗೆಲ್ಲ ಸರ್ವಮಂಗಳಮ್ಮ ಬಂದಿಳಿದರು. ಸೊಸೆ ಅಂದು ರಜೆ ಹಾಕಿ ಕಾದಿದ್ದಳು. ಅವರು ಬಂದವರೇ ಮೊದಲು ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ತುಟಿ ನೋಡಿದರು. ಊತ ಪೂರ್ತಿ ಇಳಿದಿತ್ತು. ಆಮೇಲೆ ಬೋಗುಣಿ ಕೇಳಿದರು. ನಾನು ನೀರನ್ನು ಚೆಲ್ಲಿರಲಿಲ್ಲ. ರಾತ್ರಿಯ ಚಳಿಗೆ ಹಳದಿ ಕಣ್ಣುಗಳೆಲ್ಲ ಹೆಪ್ಪಾಗಿ ಕೆನೆಯಂತೆ ಕೂತಿದ್ದವು. ಅವರು ಬೆರಳಿನಿಂದ ಅದನ್ನು ತುಸು ಮುಟ್ಟಿ, ಮೂಸಿ, ಬಹಳ ಹೊತ್ತು ನೋಡಿದರು. ನಂತರ ತಮ್ಮ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು, ದೂರದ ಊರಿನಿಂದ ಬಂದ ಮಗುವನ್ನು ನೋಡುವ ಹಾಗೆ.

"ನನ್ ಕೈ ಅಲ್ಲ ಕಣ್ರೀ ಟೀಚರಮ್ಮ," ಎಂದರು. ಮತ್ತೆ ಹಿತ್ತಲಿಗೆ ಹೋಗಿ ಬೇಲಿಯಾಚೆಯ ಮನೆಯವರಿಗೂ ಹೇಳಿದರು. ಎಮ್ಮೆಯ ಹತ್ತಿರ ನಿಂತಿದ್ದ ಗಂಡನಿಗೂ ಹೇಳಿದರು.

"ಅಂಗಾರೆ ಕೈಗೆ ಬೇಲ್ ಸಿಕ್ತು ಅನ್ನು," ಎಂದರು ಬೆಟ್ಟಸ್ವಾಮಿಯವರು. ಮಧ್ಯಾಹ್ನದೊಳಗೆ ಸೀಬೆಯ ಕೊಂಬೆಯೊಂದನ್ನು ಕಡಿದು ತಂದು, ಹೊಸ ಕಡಗೋಲು ಕೆತ್ತಲು ಕೂತರು. ಅದು ಸೊಟ್ಟಗಿತ್ತು, ಇಂದಿಗೂ ಸೊಟ್ಟಗಿದೆ, ಅದರ ಹಿಡಿಗೂ ಕೆಂಪು ನೂಲು ಬಿದ್ದಿದೆ. ಹಳೆಯದು ಪಡಸಾಲೆಯ ಮಜ್ಜಿಗೆಯ ಕೆಲಸಕ್ಕೆ ಮಾತ್ರ ಮೀಸಲಾಯಿತು. ಸೊಸೆಯ ಸಾರು ಈಗ ಎಲ್ಲ ದಿನವೂ ಮಂದವಾಗಿರುತ್ತದೆ, ಎಲ್ಲ ದಿನವೂ ಏಳು ಐವತ್ತಕ್ಕೆ ಡಬ್ಬಿ ಸೇರುತ್ತದೆ. ತುಪ್ಪದ ಜಾಡಿಯನ್ನು ವಾಪಸು ಒಯ್ಯಿರಿ ಎಂದು ನಾನು ಎರಡು ಸಲ ಹೇಳಿದೆ. ಅಲ್ಲೇ ಇರಲಿ ಬಿಡಿ, ನಾನೇ ಬಂದು ಹೋಗುತ್ತೇನೆ ಎಂದರು. ಬರುತ್ತಾರೆ, ದಿನವೂ, ನಾನು ಊಟಕ್ಕೆ ಕೂತ ಹೊತ್ತಿಗೆ ಸರಿಯಾಗಿ. ಕಳೆದ ತಿಂಗಳು ನನ್ನ ರಕ್ತ ಪರೀಕ್ಷೆಯಾಯಿತು. ಅದರ ಫಲವನ್ನು ಇಲ್ಲಿ ಬರೆಯುವುದಿಲ್ಲ.

ಶಿವರಾತ್ರಿಯ ಮಾರನೆಯ ದಿನ ಶಾಂತಲಾ ಬಂದರು. ಕ್ಷಮೆ ಕೇಳಬೇಕೆಂದೇ ಬಂದಿದ್ದರು. ಬಾಗಿಲಲ್ಲೇ ಅವರ ಮುಖ ಕೆಂಪಾಗಿತ್ತು. ಸರ್ವಮಂಗಳಮ್ಮ ಅವರಿಗೆ ಆ ಅವಕಾಶವನ್ನೇ ಕೊಡಲಿಲ್ಲ. ಕೈಹಿಡಿದು ಒಳಗೆ ಕರೆದೊಯ್ದು, ಹಳೆಯ ಕಡಗೋಲನ್ನು ತೋರಿಸಿ, ತುಂಟ ಕರುವಿನ ಕತೆ ಹೇಳುವವರಂತೆ ಅದರ ಕತೆ ಹೇಳಿದರು. ಆ ದಿನ ಅವರಾಡಿದ ಮಾತಾಗಲಿ, ತಾವು ಜಗಲಿಯ ಮೇಲೆ ಕೂತ ಮೂರು ವಾರವಾಗಲಿ ಆ ಕತೆಯಲ್ಲಿ ಬರಲಿಲ್ಲ. ನಾನು ಕಾದೆ, ಎಲ್ಲಾದರೂ ಒಂದು ಚುಚ್ಚುಮಾತು ಇಣುಕುತ್ತದೇನೋ ಎಂದು. ಇಣುಕಲಿಲ್ಲ. ಅವರು ಮರೆತಿರಲಿಲ್ಲ, ಅದು ಅವರಿಗೆ ಕತೆಯ ಭಾಗವೆಂದೇ ತೋರಿರಲಿಲ್ಲ.

ತಪ್ಪು ತನ್ನದಲ್ಲವೆಂದು ತಿಳಿದ ಕ್ಷಣದಲ್ಲಿ ನಮ್ಮಂಥವರು ಮೊದಲು ಮಾಡುವುದು, ತಪ್ಪು ಹೊರಿಸಿದವರು ಎಲ್ಲಿದ್ದಾರೆಂದು ಸುತ್ತ ನೋಡುವುದು. ನೋವಿಗಿಂತ ದೊಡ್ಡದಾಗಿ ನಮ್ಮೊಳಗೆ ನ್ಯಾಯದ ಹಸಿವು ಏಳುತ್ತದೆ. ಅದು ತಣಿಯುವವರೆಗೆ ಎದುರಿಗಿದ್ದ ಸಂತೋಷವೂ ನಮಗೆ ಕಾಣುವುದಿಲ್ಲ. ಇನ್ನೊಂದು ಥರದ ಜನರಿದ್ದಾರೆ. ಅನುಮಾನ ಬಂದರೆ ಮೊದಲು ತಮ್ಮನ್ನೇ ಅನುಮಾನಿಸಿ ಬಳಲುತ್ತಾರೆ, ಅದು ಸುಳ್ಳೆಂದು ತಿಳಿದಾಗ ಹಗುರಾಗಿ ಎದ್ದು ಬಿಟ್ಟ ಕೆಲಸಕ್ಕೆ ಮರಳುತ್ತಾರೆ. ತಮ್ಮನ್ನು ಯಾರು ಏನೆಂದರು ಎಂಬುದು ಅವರ ಚಿಂತೆಯಲ್ಲ. ಎಲೆಯ ಮುಂದೆ ಕೂತವರು ಭಯವಿಲ್ಲದೆ ಉಂಡು ಏಳುತ್ತಾರೆಯೇ ಎಂಬುದೊಂದೇ ಅವರಿಗೆ ತಿಳಿಯಬೇಕು. ಅಂಥವರು ಬಹಳ ಮಂದಿ ಇಲ್ಲ. ಆದರೆ ಒಡೆಯದೆ ಉಳಿದ ಯಾವ ಮನೆಯೊಳಗೆ ಹೊಕ್ಕು ನೋಡಿದರೂ ಅಲ್ಲಿ ಅಂಥವರೊಬ್ಬರು ಇರುತ್ತಾರೆ, ತಮ್ಮಿಂದಲೇ ಅದು ಉಳಿಯಿತೆಂಬುದು ಗೊತ್ತಿಲ್ಲದೆ.